ನಾಗಝರಿ ಏರಿನ ಹನ್ನೊಂದು ಸೆಕೆಂಡು

ಹಿಂಡಿದ ಟವೆಲನ್ನೇ ಮತ್ತೆ ಮತ್ತೆ ಹಿಂಡುತ್ತಿದ್ದೇನೆ ಎಂದು ಶಾಂತಾಳಿಗೆ ಗೊತ್ತಾದದ್ದು ಅಂಗೈ ಉರಿಯತೊಡಗಿದಾಗ. ನೀರು ಬೀಳುವುದು ಯಾವಾಗಲೋ ನಿಂತಿತ್ತು. ಮನೆಯ ಮುಂದೆ ಕಾರಿನ ಬಾನೆಟ್ ಎತ್ತಿದ ಸದ್ದು, ಆಮೇಲೆ ಗೋಣಿಚೀಲದ ಮೇಲೆ ಬೋಲ್ಟು ತಿರುಗಿಸುವ ಪಾನಾಗಳನ್ನು ಒಂದೊಂದಾಗಿ ಇಟ್ಟ ಸದ್ದು ಕೇಳಿತು. ಗ್ಯಾರೇಜಿನ ತುಳಸಿರಾಮ ಬಂದಿದ್ದಾನೆ. ಬರುತ್ತಾನೆಂದು ಮೂರು ದಿನದಿಂದ ಗೊತ್ತಿತ್ತು. ಹಳೇ ಫಿಯಾಟಿಗೆ ಹದಿನೈದು ವರ್ಷ ತುಂಬಿದೆ, ಮಂಗಳವಾರ ದಾಂಡೇಲಿಯಲ್ಲಿ ಪಾಸಿಂಗಿಗೆ ನಿಲ್ಲಿಸಬೇಕು. ಎಂಜಿನ್ನಿನ ಮಗ್ಗುಲಲ್ಲಿ ಕೂತಿರುವ ಆ ವಸ್ತುವನ್ನು ಕಂಡರೆ ಆರ್‌ಟಿಒ ಸಾಹೇಬರು ಇದೇನೆಂದು ಕೇಳುತ್ತಾರೆ, ಅದಕ್ಕೊಂದು ಕಾಗದವಿಲ್ಲ, ಬಿಚ್ಚಿಬಿಡೋಣ ಎಂದು ಅವನೇ ಹೇಳಿ ಕಳಿಸಿದ್ದ. ಟವೆಲನ್ನು ತಂತಿಗೆ ಹಾಕಿದಳು. ಅದು ಹಗ್ಗದ ಹಾಗೆ ತಿರುಚಿಕೊಂಡೇ ನಿಂತಿತು. ಬಿಡಿಸಿ ಹಾಕಬೇಕೆಂದು ಅನ್ನಿಸಲಿಲ್ಲ. ಎಂಟು ತಿಂಗಳಿಂದ ಹೀಗೇ. ಏನು ಮಾಡಬೇಕೆಂದು ಗೊತ್ತಿರುತ್ತದೆ, ಅನ್ನಿಸುವುದಿಲ್ಲ.

ಅಂಗಳಕ್ಕೆ ಬಂದಾಗ ಮಾವ ಅಂದಾನೆಪ್ಪ ಗಿರಣಿಯ ಬಾಗಿಲು ಅರ್ಧ ಎಳೆದು, ಮೀಸೆಗೆ ಹಿಟ್ಟು ಮೆತ್ತಿಕೊಂಡೇ ಬಂದು ಕಾರಿನ ಮುಂದೆ ನಿಂತಿದ್ದ. ಅತ್ತೆ ಶಿವಗಂಗವ್ವ ಹೊಸ್ತಿಲ ಒಳಗೇ ಇದ್ದಳು. ಬಾನೆಟ್ಟಿನ ಕೆಳಗೆ ಅದು ಇತ್ತು: ಲಾರಿಯ ಸ್ಟಾರ್ಟರ್ ಮೋಟಾರು, ಗಿರಣಿಯಿಂದ ತಂದ ಎರಡು ಜೊತೆ ಗಾಲಿ, ಪಟ್ಟಾ, ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕ ಯಾವುದೋ ಲಾರಿಯ ಟರ್ಬೊದ ಗಾಳಿ ಊದುವ ಅರ್ಧ, ಬಸವನಹುಳದ ಚಿಪ್ಪಿನಂಥದು. ಅದರ ಬಾಯಿಂದ ಕಾರ್ಬೊರೇಟರಿನವರೆಗೆ ದಪ್ಪ ರಬ್ಬರ್ ಕೊಳವೆ. ಚಿಪ್ಪಿನ ಮೇಲೆ ಮೂರೆಳೆ ವಿಭೂತಿ. ಸಾವಾಗಿ ವರ್ಷ ತುಂಬದ ಮನೆ, ಈ ಸಲ ಹಬ್ಬ ಬೇಡವೆಂದಿದ್ದರೂ ಮೊನ್ನೆ ದಸರೆಯ ಖಂಡೇಪೂಜೆಯ ದಿನ ಅತ್ತೆ ಯಾರಿಗೂ ಹೇಳದೆ ಬಂದು ಹಚ್ಚಿಹೋಗಿದ್ದಳು. ಗಿರಣಿಯ ಕಲ್ಲಿಗೆ ಹಚ್ಚಿರಲಿಲ್ಲ.

"ಪಾಸಿಂಗ್ ಆದಮ್ಯಾಲ ಬೇಕಂದ್ರ ಮತ್ತ ಕೂಡಿಸಿ ಕೊಡ್ತೇನ್ರಿ ಅಪ್ಪಾರ," ತುಳಸಿರಾಮ ಹೇಳುತ್ತಿದ್ದ. "ಬ್ಯಾಡಂದ್ರ ಗುಜರಿಗೆ. ಅದನ್ನ ಈಗಽ ಹೇಳ್ರಿ, ಬಿಚ್ಚೂ ರೀತಿನಽ ಬ್ಯಾರೆ. ಗುಜರಿಗಾದ್ರ ಹತೋಡಿಲೆ ನಾಕು ಕೊಟ್ರ ಮುಗೀತು."

"ನನ್ನ ಮಗ ಮಾಡಿದ್ದಕ್ಕ ಹತೋಡಿ ಮುಟ್ಟಿಸಬ್ಯಾಡೋ ಯಪ್ಪಾ," ಎಂದಳು ಶಿವಗಂಗವ್ವ ಒಳಗಿನಿಂದ.

"ನೀ ಸುಮ್ಮನಿರು. ಕೆಲಸಕ್ಕ ಬರೂದಾದ್ರ ಇರ್ಲಿ, ನಾ ಬ್ಯಾಡ ಅನ್ನೂದಿಲ್ಲ. ಬರದಿದ್ದದ್ದನ್ನ ಕಣ್ಣ ಮುಂದ ಇಟ್ಕೊಂಡು ದಿನಾ ಅಳೂದು ಯಾಕ?" ಅಂದಾನೆಪ್ಪ ಸೊಸೆಯ ಕಡೆ ತಿರುಗಿದ. ಎಂಟು ತಿಂಗಳಿಂದ ಅವಳ ಜೊತೆ ಮಾತಾಡುವಾಗ ಅವನ ದನಿ ಸಣ್ಣದಾಗುತ್ತಿತ್ತು. "ನಮಗೇನ ತಿಳೀತೈತಿ? ಎಂ.ಎಸ್ಸಿ. ಓದಿದಾಕಿ ನೀ. ಆವತ್ತು ನೀನಽ ಅಲ್ಲೇನು ಗಡಿಯಾರ ಹಿಡದು ನೋಡಿದಾಕಿ? ಹೇಳಿಬಿಡವ್ವಾ, ಇದು ಬರ್ತಿತ್ತೋ ಇಲ್ಲೋ. ನೀ ಅಂದಂಗ ಮಾಡೂಣು."

ಶಾಂತಾ ಬಾನೆಟ್ಟಿನ ಕಡೆ ಬಗ್ಗಿದಳು. "ನೋಡಿ ಹೇಳ್ತೇನ್ರಿ ಮಾವಾರ," ಎಂದಳು. ಗಿರಣಿಯ ಮುಂದೆ ಯಾರೋ ಜೋಳದ ಡಬ್ಬಿ ಇಳಿಸಿ ಕರೆದರು. ಮಾವ ಹೋದ.

ನೋಡುವುದು ಏನೂ ಇರಲಿಲ್ಲ. ಕಾರಿನ ಎಡಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ ಕೂತಳು, ಆವತ್ತು ಕೂತಲ್ಲೇ. ಸೀಟಿನ ಹರಿದ ರೆಕ್ಸಿನ್ ತೊಡೆಗೆ ಚುಚ್ಚಿತು. ಎಲ್ಲವೂ ಶುರುವಾದದ್ದು ಈ ಸೀಟಿನಲ್ಲಿ ಅಲ್ಲ, ಹೋದ ವರ್ಷ ಅಂಬಿಕಾನಗರದ ಕ್ವಾರ್ಟರ್ಸಿನ ಗಣಪತಿ ಪೆಂಡಾಲಿನಲ್ಲಿ, ಪ್ಲಾಸ್ಟಿಕ್ ಕುರ್ಚಿಗಳ ಸಾಲಿನಲ್ಲಿ. ಗಂಡ ರುದ್ರೇಶನಿಗೆ ಕೆಳಗೆ ನಾಗಝರಿ ಪವರ್‌ಹೌಸಿನಲ್ಲಿ ಕೆಲಸ. ಪಾಳಿ ಮುಗಿಸಿ ಏರು ಹತ್ತಿ ಬರುವಾಗ ಕಾರು ನಡುವಿನ ತಿರುವಿನಲ್ಲಿ ಸೋತು ಒಂದನೇ ಗೇರಿಗೆ ಬರುತ್ತಿತ್ತು, ಹಿಂದಿನ ಜೀಪಿನವರು ಹಾರ್ನ್ ಹೊಡೆಯುತ್ತಿದ್ದರು. ಎಂಜಿನ್ನಿಗೆ ಗಾಳಿ ಸಾಲದು, ಕರೆಂಟಿನಿಂದ ಗಾಳಿ ಊದಿಸುತ್ತೇನೆ ಎಂದು ಅವನು ಗೆಳೆಯರಿಗೆ ಹೇಳುತ್ತಿದ್ದ. ಯಾರೋ, "ಮೇಡಂ, ನೀವು ಫಿಜಿಕ್ಸಿನವ್ರು, ನೀವ ಹೇಳ್ರಿ" ಎಂದರು. ಅವಳು ಹೇಳಿದಳು. ಪ್ರಸಾದದ ಕಾಗದದ ಹಿಂದೆ ಚಿತ್ರ ಬರೆದೇ ಹೇಳಿದಳು. ಎಂಜಿನ್ನು ಡೈನಮೊ ತಿರುಗಿಸುತ್ತದೆ, ಡೈನಮೊ ಪಂಕ ತಿರುಗಿಸುತ್ತದೆ, ಪಂಕ ಎಂಜಿನ್ನಿಗೆ ಊದುತ್ತದೆ. ಪ್ರತಿ ಹೆಜ್ಜೆಯಲ್ಲೂ ಒಂದಿಷ್ಟು ಸೋರಿ ಹೋಗುತ್ತದೆ. "ತನ್ನ ಜುಟ್ಟು ತಾನ ಹಿಡದು ಮ್ಯಾಲೆ ಎತ್ತಿಕೊಂಡಂಗ" ಎಂದು ಸೇರಿಸಿದಳು. ಪೆಂಡಾಲು ನಕ್ಕಿತು. ಆ ನಗು ತನ್ನದು, ತಾನು ಗಳಿಸಿದ್ದು ಎಂದು ಒಳಗೆಲ್ಲೋ ಬೆಚ್ಚಗಾಯಿತು. ಧಾರವಾಡದ ಮೊದಲನೇ ರ‍್ಯಾಂಕು ಈ ಕಾಡಿನ ಕಾಲೊನಿಗೆ ಬಂದು ಮೂರು ವರ್ಷ ಅಡಿಗೆಮನೆಯಲ್ಲಿ ಕೂತಿತ್ತು. ರುದ್ರೇಶ ನಗು ಮುಗಿಯುವ ತನಕ ಕಾದ. ಆಮೇಲೆ ಅವಳಿಗಷ್ಟೇ ಕೇಳುವ ಹಾಗೆ, "ಡೈನಮೊದಿಂದ ತಗೋತೇನಿ ಅಂತ ನಾ ಎಲ್ಲಿ ಹೇಳಿದೆ?" ಎಂದ.

ಅವನು ಹೇಳಿರಲಿಲ್ಲ. ಯಾರೂ ಕೇಳದ ಪ್ರಶ್ನೆಗೆ ಅವಳು ಪೂರ್ತಿ ಅಂಕದ ಉತ್ತರ ಬರೆದಿದ್ದಳು. ಅವನು ಎಣಿಸಿದ್ದು ಬೇರೆ: ಡಿಕ್ಕಿಯಲ್ಲಿ ಲಾರಿಯ ಎರಡು ಬ್ಯಾಟರಿ, ಮನೆಯ ಪ್ಲಗ್ಗಿನಿಂದ ಚಾರ್ಜು, ಏರಿನಲ್ಲಿ ಒಂದೇ ಒಂದು ನಿಮಿಷ ಓಡಿಸುವುದು. ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಅವನು ಕಿಟಕಿಯ ಹೊರಗೆ ಕೈ ತೋರಿಸಿ ಹೇಳಿದ: "ಕಾಳಿ ನೀರು ಗುಡ್ಡ ಇಳೀತಾವ, ನಾವು ಅದರಿಂದ ಕರೆಂಟ್ ತಗೀತೇವಿ. ಅದಽ ಕರೆಂಟ್ ಒಂದೀಟು ಡಿಕ್ಕ್ಯಾಗ ಹಾಕ್ಕೊಂಡು ಗುಡ್ಡ ಏರೂಣಲ್ಲ. ಇಳದದ್ದಽ ಏರ್ತೈತಿ, ತಪ್ಪೇನೈತಿ ಹೇಳು?" ತಪ್ಪೇನೂ ಇರಲಿಲ್ಲ. ಅವಳು ಚಹಾದ ಬಸಿ ತೊಳೆಯಲು ಎದ್ದಳು. ತಪ್ಪಿಲ್ಲವೆಂದು ಅಲ್ಲೇ ಹೇಳಿಬಿಟ್ಟಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಆ ವಾರವಿಡೀ ಕಾಲೊನಿಯ ಹೆಂಗಸರು ಸಿಕ್ಕಲ್ಲೆಲ್ಲ "ನಿಮ್ಮ ಸಾಹೇಬ್ರು ಜುಟ್ಟು ಬಿಟ್ರೋ ಇನ್ನೂ ಹಿಡಕೊಂಡಾರೋ" ಎನ್ನುತ್ತಿದ್ದರು, ಅವಳೂ ನಗುತ್ತಿದ್ದಳು. ದಿನ ಹೋದಷ್ಟೂ ಹೇಳುವುದು ಕಷ್ಟವಾಯಿತು.

"ಅಕ್ಕಾರ, ಕಾಲು ಒಳಗ ತಗೋರಿ, ಬಾಗಲಾ ಹಾಕ್ತೇನಿ, ಗಾಡಿ ಸ್ವಲ್ಪ ಎತ್ತಬೇಕು," ಎಂದ ತುಳಸಿರಾಮ. ಅವಳು ತೆಗೆದುಕೊಂಡಳು. ಜಾಕಿನ ಮೇಲೆ ಕಾರು ಒಂದು ಕಡೆ ಏರುತ್ತ ಹೋಯಿತು, ಅವಳು ಕಿಟಕಿಗೆ ಆನಿದಳು.

ನವೆಂಬರಿನಲ್ಲಿ ಪರೀಕ್ಷೆ ಮಾಡಿದ ಆವತ್ತು ಅವನು ಕಿಟಕಿಯ ಗಾಜುಗಳನ್ನು ಏರಿಸಿದ್ದ, ಗಾಳಿ ಎದುರಾಗದಿರಲಿ ಎಂದು. ಶಾಲೆಯ ಆಟದ ಮಾಸ್ತರರಿಂದ ತಂದ ಸ್ಟಾಪ್‌ವಾಚು ಅವಳ ಕೈಯಲ್ಲಿ. ಅಳೆಯುವುದು ಏರಿನ ಬುಡದ ಸಿಡಿಯ ಕಲ್ಲಿನಿಂದ ಮೇಲಿನ ಮತ್ತಿಮರದವರೆಗೆ. ಅದಕ್ಕೆ ಮೊದಲು ಒಂದು ತಿಂಗಳು ಅದು ನಡೆದಿರಲಿಲ್ಲ; ಗಾಳಿ ಊದಿದೊಡನೆ ಪೆಟ್ರೋಲು ಹಿಂದೆ ಸರಿದು ಎಂಜಿನ್ನು ಕೆಮ್ಮಿ ನಿಲ್ಲುತ್ತಿತ್ತು. ಕಾರ್ಬೊರೇಟರಿನ ಪೆಟ್ರೋಲು ಬಟ್ಟಲಿಗೂ ಅಷ್ಟೇ ಗಾಳಿ ಒತ್ತಬೇಕೆಂದು ಅವನಿಗೆ ಹೊಳೆದದ್ದು ಯಾರದೋ ಮನೆಯಲ್ಲಿ ಸಲಾಯಿನ್ ಹಚ್ಚಿದ್ದನ್ನು ನೋಡಿದಾಗ. ಅದರದೇ ನಳಿಕೆ ತಂದು ಕೂಡಿಸಿದ. ಅವಳಿಗೆ ಹೊಳೆಯಬೇಕಾಗಿತ್ತು, ಅದು ಅವಳು ಓದಿದ ಪಾಠ. ಮೊದಲು ಊದದೆ ಒಂದು ಸಲ ಏರಿದರು: ಎಪ್ಪತ್ತೆರಡು ಸೆಕೆಂಡು. ಮತ್ತೆ ಇಳಿದು, ಕಲ್ಲಿನ ಹತ್ತಿರ ಅವನು ಸ್ವಿಚ್ಚು ಒತ್ತಿದ. ಎದುರಿನ ಬಾನೆಟ್ಟಿನಿಂದ ಒಂದು ಕೂಗು ಎದ್ದಿತು, ಸಣ್ಣದಾಗಿ ಶುರುವಾಗಿ ಹಲ್ಲಿನ ಬೇರಿಗೆ ಹತ್ತುವಂಥದು, ಅವಳ ಬೆನ್ನು ಸೀಟಿಗೆ ಒತ್ತಿಕೊಂಡಿತು. ನಡುವಿನ ತಿರುವಿನಲ್ಲಿ ಅವನ ಕೈ ಗೇರಿನ ಮೇಲೆ ಹೋಗಿ, ಬೇಕಾಗದೆ, ಹಾಗೇ ಕೂತಿತು. ಅವನು ಮಾತಾಡಲಿಲ್ಲ, ತುಟಿ ಮಾತ್ರ ಅಲ್ಲಾಡುತ್ತಿತ್ತು. ಮತ್ತಿಮರ ದಾಟಿದಾಗ ಅವಳ ಹೆಬ್ಬೆರಳು ಗುಂಡಿ ಒತ್ತಿತು. ಅರವತ್ತೊಂದು. ಅವನು ಸ್ವಿಚ್ಚು ಆರಿಸಿ, ಕಾರು ಬದಿಗೆ ನಿಲ್ಲಿಸಿ, ಅವಳ ಕಡೆ ನೋಡದೆ ರಸ್ತೆಯನ್ನೇ ನೋಡುತ್ತ, "ಎಷ್ಟು?" ಎಂದ.

"ಎಪ್ಪತ್ಮೂರು," ಎಂದಳು.

ಯೋಚನೆ ಮಾಡಿ ಹೇಳಿದ್ದಲ್ಲ. ಯೋಚನೆ ಮಾಡದೆ ಹೇಳಿದ್ದೂ ಅಲ್ಲ. ಹೇಳುವಾಗಲೇ ಹೆಬ್ಬೆರಳು ಎರಡನೇ ಸಲ ಗುಂಡಿ ಒತ್ತಿತ್ತು, ಮುಳ್ಳು ಸೊನ್ನೆಗೆ ಹೋಗಿತ್ತು. ಇನ್ನೊಮ್ಮೆ ಇಳಿದು ನೋಡೋಣ ಎನ್ನುತ್ತಾನೆ, ಆಗ ಸರಿಯಾದದ್ದು ಹೇಳಿದರಾಯಿತು ಎಂದುಕೊಂಡಿದ್ದಳು. ಅವನು ಎನ್ನಲಿಲ್ಲ. ಸ್ಟೇರಿಂಗಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ. "ನೀ ಹೇಳಿದ ಮ್ಯಾಲೆ ಮುಗೀತಲ್ಲ," ಎಂದ. ಮನೆಗೆ ಬಂದವನೇ ಬಾನೆಟ್ ಎತ್ತಿ ದಪ್ಪ ತಂತಿಗಳ ತುದಿ ಬಿಚ್ಚಿ, ಒಂದೊಂದಕ್ಕೂ ಕಪ್ಪು ಟೇಪು ಸುತ್ತಿದ. ಅಷ್ಟು ಅಚ್ಚುಕಟ್ಟಾಗಿ ಸುತ್ತಿದ.

ಮುಂದಿನ ಅಮಾವಾಸ್ಯೆಗೆ ಇಲ್ಲಿಗೆ, ಹಳಿಯಾಳಕ್ಕೆ ಬಂದಾಗ ಅಂದಾನೆಪ್ಪ ಗಿರಣಿಯ ಮುಂದೆ ಕೂತ ಮಂದಿಗೆ ಹೇಳುತ್ತಿದ್ದ: "ನಮ್ಮ ರುದ್ರ ಕಾರಿಗೆ ಮೂಗು ಹಚ್ಯಾನ್ರಿ. ಎರಡು ಬ್ಯಾಟರಿ, ಒಂದು ಮೂಗು. ಆದ್ರ ಉಸರಾಡಾಕ ಒಲ್ಲೆ ಅಂತೈತಿ!" ಹಿಟ್ಟು ಬೀಸಿಸಲು ಬಂದವರು ಹೊಟ್ಟೆ ಹಿಡಿದು ನಕ್ಕರು. ಪವರ್‌ಹೌಸಿನಲ್ಲಿ ಊರಿಗೆಲ್ಲ ಬೆಳಕು ಕೊಡುವವನು ಮನೆಯಲ್ಲಿ ಕಾರಿಗೆ ಮೂಗು ಕೊಡಲಾರ ಎಂದು ಒಬ್ಬರು ಸೇರಿಸಿದರು. ರುದ್ರೇಶ ಜೋಳದ ಚೀಲಕ್ಕೆ ಆನಿಕೊಂಡು ನಿಂತು ತಾನೂ ನಗುತ್ತಿದ್ದ. ಶಾಂತಾ ಹೊಸ್ತಿಲಲ್ಲಿ ಇದ್ದಳು. ಅವನು ಒಮ್ಮೆ ಅವಳ ಕಡೆ ನೋಡಿದ, ನಗು ಹಾಗೇ ಇತ್ತು. ಹೇಳುವ ಮಾತು ನಾಲಿಗೆಯ ತುದಿಯವರೆಗೆ ಬಂದು, ಅಷ್ಟು ಮಂದಿಯನ್ನು ನೋಡಿ ವಾಪಸು ಹೋಯಿತು. ಮುಂದಿನ ವಾರ ಹೇಳಬಹುದು, ಇಬ್ಬರೇ ಇದ್ದಾಗ. ಸಂಕ್ರಾಂತಿ ಕಳೆಯಲಿ. ಆಮೇಲೆ ಜ್ವರ ಬಂತು.

ಡ್ಯಾಶ್‌ಬೋರ್ಡಿನ ಕೆಳಗೆ ಸ್ವಿಚ್ಚು ಈಗಲೂ ಇದೆ. ಮನೆಯ ಗೋಡೆಗೆ ಹಾಕುವಂಥ ಬಿಳಿ ಸ್ವಿಚ್ಚು, ಅವನನ್ನು ಆಸ್ಪತ್ರೆಗೆ ಒಯ್ದ ದಿನದಿಂದ ಅವಳು ಮುಟ್ಟಿಲ್ಲ. ನಾಲ್ಕನೇ ದಿನ ಜ್ವರ ತಲೆಗೇರಿ ಮಾತು ತೊದಲತೊಡಗಿದಾಗ ಧಾರವಾಡಕ್ಕೆ ಒಯ್ಯಬೇಕೆಂದರು. ತುಳಸಿರಾಮ ಆ ದಿನ ಕಾಲೊನಿಯಲ್ಲೇ ಯಾರದೋ ಗಾಡಿ ರಿಪೇರಿಗೆ ಬಂದಿದ್ದ, ಅವನೇ ಸ್ಟೇರಿಂಗಿಗೆ ಕೂತ. ಹಿಂದಿನ ಸೀಟಿನಲ್ಲಿ ರುದ್ರೇಶನ ತಲೆ ಪಕ್ಕದ ಮನೆಯ ಅಡಿವೆಯ್ಯನವರ ತೊಡೆಯ ಮೇಲೆ. ಶಾಂತಾ ಮುಂದೆ, ತಿರುಗಿ ಕೂತು ಅವನ ಕಾಲು ಹಿಡಿದುಕೊಂಡಿದ್ದಳು. ದಾಂಡೇಲಿಗೆ ಮುಂಚಿನ ಏರಿನಲ್ಲಿ ಕಾರು ಸೋತಿತು. ಅವನು ಕಣ್ಣು ತೆರೆದ. ಎಂಜಿನ್ನಿನ ಸದ್ದು ಅವನಿಗೆ ಕೇಳಿಸಿತ್ತು, ಬೇರೇನೂ ಕೇಳಿಸುತ್ತಿರಲಿಲ್ಲವೇನೋ. "ಶಾಂತಾ, ಸ್ವಿಚ್ ಹಾಕು," ಎಂದ, ಸ್ಪಷ್ಟವಾಗಿ. ತುಳಸಿರಾಮ ಕನ್ನಡಿಯಲ್ಲಿ ಅವಳನ್ನು ನೋಡಿದ. ಅವಳು ಕೈ ಚಾಚಿ ಒತ್ತಿದಳು. ಟಕ್ ಎಂದಿತು, ಅಷ್ಟೇ; ಎದುರಿನಿಂದ ಯಾವ ಕೂಗೂ ಏಳಲಿಲ್ಲ, ಕಾರು ಅದೇ ಒಂದನೇ ಗೇರಿನಲ್ಲಿ ತೆವಳುತ್ತಿತ್ತು. "ಬಂತಾ?" ಎಂದ ಅವನು. "ಬಂತು," ಎಂದಳು. "ಹಾಂ," ಎಂದು ಕಣ್ಣು ಮುಚ್ಚಿದ. ಆಮೇಲೆ ಎರಡು ದಿನ ಬದುಕಿದ್ದ, ಮಾತಾಡಲಿಲ್ಲ. ಹನ್ನೊಂದು ಸೆಕೆಂಡಿನಿಂದ ಯಾರೂ ಉಳಿಯುವುದಿಲ್ಲ. ಎಪ್ಪತ್ತು ಕಿಲೋಮೀಟರಿನ ದಾರಿಯಲ್ಲಿ ಎಷ್ಟು ಏರು, ಒಟ್ಟು ಎಷ್ಟು ನಿಮಿಷ ಉಳಿಯುತ್ತಿತ್ತು ಎಂದು ಅವಳು ಲೆಕ್ಕ ಹಾಕಿ ನೋಡಿದ್ದಾಳೆ. ಎರಡೂವರೆ ನಿಮಿಷವೂ ಆಗುವುದಿಲ್ಲ. ಲೆಕ್ಕ ಸರಿ ಇದೆ. ಪ್ರತಿ ಸಲವೂ ಸರಿ ಬರುತ್ತದೆ.

"ಡಿಕ್ಕಿ ಬ್ಯಾಟರಿ ಎರಡೂ ಕೆಟ್ಟಾವ್ರಿ," ತುಳಸಿರಾಮ ಹಿಂದಿನಿಂದ ಬಂದು ಕೈ ಒರೆಸಿಕೊಂಡ. "ಎಂಟು ತಿಂಗಳು ಚಾರ್ಜ್ ಇಲ್ಲಲ್ಲ. ಒಳಗ ಬಿಳೀ ಬೂಸು ಹಿಡದೈತಿ. ಇನ್ನ ಹಚ್ಚಿ ನೋಡೂಣು ಅಂದ್ರೂ ಬರೂದಿಲ್ಲ."

ಹೊಸ ಬ್ಯಾಟರಿ ಹಾಕಿದರೆ ಎಂದು ಕೇಳಿದಳು. ಮೋಟಾರಿಗೂ ನೀರು ಹೋಗಿದೆ, ಪಟ್ಟಾ ಇಲಿ ಕಡಿದಿದೆ, ರುದ್ರೇಶ ಸಾಹೇಬರ ಹಾಗೆ ಅದನ್ನು ಹೊಂದಿಸುವ ಕೈ ತನ್ನದಲ್ಲ ಎಂದ. ಆಮೇಲೆ, ಇಷ್ಟು ಹೊತ್ತು ಹೇಳಲೋ ಬೇಡವೋ ಎಂದು ಬಾಯಲ್ಲಿ ಇಟ್ಟುಕೊಂಡಿದ್ದವನ ಹಾಗೆ, ಗಾಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಒಂದ್ ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ ಅಕ್ಕಾರ. ಆ ಟೇಪು ಬಿಚ್ಚಿ ತಂತಿ ಮತ್ತ ಕೂಡಸೂಣು ಅಂತ ಸಾಹೇಬ್ರಿಗೆ ನಾ ಎರಡು ಸಲ ಅಂದೇನಿ. ಬ್ಯಾಡ ಅಂದ್ರು. 'ತುಳಸ್ಯಾ, ಅದು ಏರೇತಿ' ಅಂದ್ರು. ನಾ ಅಂದೆ, ಮತ್ಯಾಕ್ರಿ ಫೇಲ್ ಅಂತ ಹೇಳ್ಕೊಂಡು ಅಡ್ಡಾಡ್ತೀರಿ?"

ಶಾಂತಾ ಕಿಟಕಿಯ ಅಂಚು ಹಿಡಿದುಕೊಂಡಳು.

"ಪವರ್‌ಹೌಸಿನ್ಯಾಗ ಮಿಷನ್ ಲೈನಿಗೆ ಕೂಡಿಸೂ ಮುಂದ ಸೆಕೆಂಡ್ ಎಣಸೂ ರೂಢಿ ಅಲ್ರಿ ಅವರಿಗೆ, ಬಾಯಾಗ. ಆವತ್ತೂ ಎಣಿಸ್ಯಾರ. ಅರವತ್ತರ ಮ್ಯಾಲೆ ಒಂದೋ ಎರಡೋ. 'ನಮ್ಮಾಕಿ ಗಡಿಯಾರ ಬ್ಯಾರೆ ಹೇಳ್ತು' ಅಂತ ನಕ್ರು. 'ಮಂದಿ ಮುಂದ ಆಗೂದಿಲ್ಲ ಅಂತ ಹೇಳಿ ಕುಂತಾಳ ಪಾಪ. ಗಾಡಿ ಏರಿಸಿದ್ರ ಆಕಿನ್ನ ಇಳಿಸಿದಂಗ ಆಗ್ತೈತಿ. ಇರ್ಲಿ ಬಿಡು, ಒಂದಿನ ತಾನಽ ಹೇಳ್ತಾಳ. ಆವತ್ತು ಕೂಡಸೂಣು.'" ತುಳಸಿರಾಮ ಪಾನಾ ಎತ್ತಿಕೊಂಡ. "ನೀವು ಬ್ಯಾಸರಾ ಮಾಡ್ಕೋಬ್ಯಾಡ್ರಿ. ನಗಚಾಟಿಗೆ ಅಂದದ್ದು."

ಅಳು ಬರುತ್ತದೆಂದುಕೊಂಡಳು. ಬರಲಿಲ್ಲ. ತಲೆಯಲ್ಲಿ ಒಂದು ಲೆಕ್ಕ ನಡೆದಿತ್ತು: ನವೆಂಬರಿನಿಂದ ಫೆಬ್ರವರಿ, ತೊಂಬತ್ತು ದಿನಕ್ಕೂ ಹೆಚ್ಚು. ಅಷ್ಟೂ ದಿನ ಅವನು ಕಾದಿದ್ದ. ಬೆಳಿಗ್ಗೆ ಚಹಾ ಕೊಡುವಾಗ, ಸಂಜೆ ಬಾಗಿಲು ತೆಗೆಯುವಾಗ, ಅವಳು ಸುಮ್ಮನೆ "ಏನ್ರೀ" ಎಂದಾಗ ಥಟ್ಟನೆ ಮುಖ ಎತ್ತುತ್ತಿದ್ದನಲ್ಲ, ಅದು ಇದಕ್ಕೇ. ಅವಳು ಅಕ್ಕಿ ತೀರಿದೆ ಎನ್ನುತ್ತಿದ್ದಳು.

ಬಾಗಿಲು ತೆರೆದು ಇಳಿದಳು. ಕಾರು ಎತ್ತರದಲ್ಲಿದ್ದುದರಿಂದ ನೆಲ ಇನ್ನೂ ಕೆಳಗಿತ್ತು, ಮುಗ್ಗರಿಸಿದಳು. ನೇರ ಗಿರಣಿಗೆ ಹೋದಳು. ಡಬ್ಬಿ ಹಿಡಿದು ಮೂರು ಜನ ಕೂತಿದ್ದರು. ಪಟ್ಟಾ ತಿರುಗುವ ಸದ್ದಿನ ಮೇಲೆ ಕೂಗಿಯೇ ಹೇಳಬೇಕಾಯಿತು.

"ಮಾವಾರ, ಅದು ಬರ್ತಿತ್ರಿ. ಹನ್ನೊಂದು ಸೆಕೆಂಡು ಬೇಗ ಏರಿತ್ತು. ನಾನಽ ಸುಳ್ಳು ಹೇಳಿದೆ. ಅವ್ರ ತಪ್ಪೇನಿರಲಿಲ್ಲ, ನಾ ಸುಳ್ಳು ಹೇಳಿದೆ."

ಅಂದಾನೆಪ್ಪ ಗಿರಣಿ ನಿಲ್ಲಿಸಿದ. ಪಟ್ಟಾ ನಿಧಾನವಾಗಿ ನಿಂತಿತು. ಅವನು ಅವಳನ್ನು ನೋಡಿದ ಬಗೆಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಹಿಟ್ಟಿನ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಅವಳ ತಲೆಯ ಮೇಲೆ ಇಟ್ಟ.

"ಗೊತ್ತಾತವ್ವಾ. ನಾ ನಕ್ಕದ್ದು ನಿನ್ನ ಮನಸಿನ್ಯಾಗ ಉಳದೈತಿ. ನನಗೂ ಉಳದೈತಿ. ಅದಕ್ಕ ನೀ ನಿನ್ನ ಮ್ಯಾಲೆ ಹಾಕ್ಕೋಬ್ಯಾಡ."

"ಇಲ್ರಿ, ಖರೇನಽ. ತುಳಸಿರಾಮನ್ನ ಕೇಳ್ರಿ."

ತುಳಸಿರಾಮ ಬಾಗಿಲಿಗೆ ಬಂದಿದ್ದ. "ಹೌದ್ರಿ ಅಪ್ಪಾರ, ಬರ್ತಿತ್ತು. ಸಾಹೇಬ್ರಽ ನನಗ ಅಂದಿದ್ರು."

"ನೋಡ್ರಿ," ಅಂದಾನೆಪ್ಪ ಕೂತವರ ಕಡೆ ತಿರುಗಿದ, ಅವನ ದನಿ ಒಡೆದಿತ್ತು, "ಇಬ್ರೂ ಕೂಡಿ ಮುದುಕಗ ಸಮಾಧಾನ ಹೇಳಾಕತ್ತಾರ. ಎಂಥಾ ಸೊಸಿ ಕೊಟ್ಟಾನ್ರಿ ಬಸವಣ್ಣ." ಅವರಲ್ಲಿ ವಯಸ್ಸಾದ ಹೆಂಗಸೊಬ್ಬಳು ಸೆರಗಿನಿಂದ ಕಣ್ಣು ಒತ್ತಿಕೊಂಡು, "ಗಂಡನ ಹೆಸರು ಉಳಸಾಕ ಏನ್ ಬೇಕಾದ್ದು ಹೇಳ್ತಾವ ತಂಗಿ ಹೆಣ್ಣು ಜೀವ" ಎಂದಳು. "ಆತು ತಗೋವ್ವಾ," ಎಂದ ಮಾವ, "ಬರ್ತಿತ್ತು ಅಂತನಽ ಹೇಳೂಣು. ಇನ್ನ ಯಾರ ಕೇಳಿದ್ರೂ ನಾನೂ ಹಂಗಽ ಹೇಳ್ತೇನಿ." ಗಿರಣಿ ಮತ್ತೆ ಶುರುವಾಯಿತು. ಶಾಂತಾ ಇನ್ನೂ ಏನೋ ಹೇಳುತ್ತಿದ್ದಳು, ಸದ್ದಿನಲ್ಲಿ ತನಗೇ ಕೇಳಿಸಲಿಲ್ಲ.

ಒಳಗೆ ಶಿವಗಂಗವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಗಿರಣಿಗೂ ಅಡಿಗೆಮನೆಗೂ ನಡುವೆ ಒಂದೇ ಗೋಡೆ. ಶಾಂತಾ ಬಂದು ಬಾಗಿಲಿಗೆ ಆನಿದಳು. ಬಡಿಯುತ್ತಿದ್ದ ಕೈ ನಿಂತಿತು.

"ಖರೇ ಹೇಳಿದಿ?" ಎಂದಳು ಅತ್ತೆ, ತಿರುಗದೆ.

"ಖರೇ ರೀ ಅತ್ತಿ."

"ಅವಗ ಗೊತ್ತಿತ್ತಾ?"

"ಗೊತ್ತಿತ್ತಂತ."

ಹಂಚಿನ ಮೇಲಿದ್ದ ರೊಟ್ಟಿ ಹೊಗೆಯಾಡತೊಡಗಿತು. ಶಿವಗಂಗವ್ವ ಅದನ್ನು ತೆಗೆಯಲಿಲ್ಲ. ಅಂಗಳದಲ್ಲಿ ಒಂದು ಬೋಲ್ಟು ಬಿಗಿಯಾಗಿ ಕೂತಿದ್ದಿರಬೇಕು, ತುಳಸಿರಾಮ ಪಾನಾದ ಹಿಡಿಯ ಮೇಲೆ ಯಾವುದರಿಂದಲೋ ಹೊಡೆಯುತ್ತಿದ್ದ. ಪ್ರತಿ ಏಟಿಗೂ ಮುದುಕಿಯ ಹೆಗಲು ಸಣ್ಣಗೆ ಅದುರುತ್ತಿತ್ತು.

"ಅಷ್ಟು ಮಂದಿ ನಕ್ರು. ಹೆತ್ತಪ್ಪನಽ ನಕ್ಕ. ನಾನೂ ಒಳಗ ಕುಂತು ನಕ್ಕೇನಿ," ಎಂದಳು. "ಅವ ಒಂದು ಮಾತು ಆಡಿ ನಿನ್ನ ಹೆಸರು ಹೇಳಲಿಲ್ಲ."

"ಅತ್ತಿ—"

"ಇನ್ನ ಯಾರ ಮುಂದೂ ಹೇಳಬ್ಯಾಡ. ಅವ ಮುಚ್ಚಿಟ್ಟು ಹೋದದ್ದು ಇದೊಂದಽ ಉಳದೈತಿ. ಅದನ್ನೂ ನೀ ಬಿಚ್ಚಬ್ಯಾಡ."

ಕರಿದಾದ ರೊಟ್ಟಿಯನ್ನು ಕೈಯಿಂದಲೇ ಎತ್ತಿ ಬದಿಗಿಟ್ಟಳು. ಇನ್ನೊಂದು ಬಡಿದು ಹಾಕಿದಳು, ಬೇಯಿಸಿದಳು, ತಾಟಿಗೆ ಹಾಕಿ, ಪಲ್ಯ ಬಡಿಸಿ, ನೆಲದ ಮೇಲೆ ಸೊಸೆಯ ಕಡೆಗೆ ಸರಿಸಿದಳು. ಮುಖ ತಿರುಗಿಸಲಿಲ್ಲ. ಶಾಂತಾ ಕೂತು ಒಂದು ತುತ್ತು ಮುರಿದಳು. ಹೊರಗೆ ಬೋಲ್ಟು ಸಡಿಲಾಯಿತು, ಏನೋ ಭಾರವಾದದ್ದು ಗೋಣಿಚೀಲದ ಮೇಲೆ ಬಿತ್ತು. "ಅಕ್ಕಾರ, ಇದನ್ನ ಎಲ್ಲಿ ಇಡ್ಲಿ?" ಎಂದು ತುಳಸಿರಾಮ ಕೂಗಿದ. ಶಾಂತಾಳ ಬಾಯಲ್ಲಿ ತುತ್ತು ಇತ್ತು. ಅವನು ಮತ್ತೊಮ್ಮೆ ಕೂಗಿದ. ಇಬ್ಬರು ಹೆಂಗಸರೂ ಕೇಳಿಸಿಕೊಂಡರು, ಇಬ್ಬರೂ ಎದ್ದು ಹೋಗಲಿಲ್ಲ.